ಟೇಬಲ್ ಒರೆಸುವಲ್ಲಿಂದ ಗಲ್ಲೆಯವರೆಗೆ

ಉಡುಪಿ, ಕುಂದಾಪುರ, ಕಾರ್ಕಳ ಕಡೆಯ ಹಳೆಯ ಮನೆಗಳಲ್ಲಿ "ಅವನು ಹೋಟೆಲಿನಲ್ಲಿದ್ದಾನೆ" ಎಂಬ ಮಾತನ್ನು ಎರಡು ದನಿಯಲ್ಲಿ ಹೇಳುತ್ತಿದ್ದರು. ಹುಡುಗ ಊರು ಬಿಟ್ಟು ಎರಡು ವರ್ಷವಾಗಿದ್ದರೆ ದನಿ ಕೆಳಗಿಳಿಯುತ್ತಿತ್ತು, ಹೇಳುವವರು ನೆಲ ನೋಡುತ್ತಿದ್ದರು. ಇಪ್ಪತ್ತು ವರ್ಷವಾಗಿ, ಊರ ದೇವಸ್ಥಾನದ ಕಲ್ಲಿನಲ್ಲಿ ದಾನಿಯೆಂದು ಅವನ ಹೆಸರು ಕೊರೆಸಿದ್ದರೆ ಅದೇ ಮಾತು ಅಂಗಳದಾಚೆಗೂ ಕೇಳಿಸುವಂತೆ ಬರುತ್ತಿತ್ತು. ಆ ಎರಡು ದನಿಗಳ ನಡುವೆ ಏನು ನಡೆಯಿತು ಎನ್ನುವುದು ಇಲ್ಲಿನ ವಿಷಯ.

ಈಗ ಇದನ್ನು ಕೇಳಬೇಕಾದ ಕಾರಣವೂ ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡ ಮನೆಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ಅಪ್ಪ ಅಮ್ಮ ಕೇಳುವುದು ಎರಡೇ ಪ್ರಶ್ನೆ: ಫೀಸು ಎಷ್ಟು, ಕೆಲಸ ಸಿಗುತ್ತದೆಯೇ. ಅಜ್ಜಂದಿರ ಕಾಲದಲ್ಲಿ ಫೀಸು ಇರಲಿಲ್ಲ, ಕೆಲಸ ಸಿಕ್ಕೇ ಸಿಗುತ್ತಿತ್ತು. ಆಗ ಕೇಳುತ್ತಿದ್ದ ಪ್ರಶ್ನೆ ಬೇರೆ: ಅಲ್ಲಿಂದ ಮೇಲೆ ಹೋಗುವ ದಾರಿ ಇದೆಯೇ? ನನ್ನ ಮಟ್ಟಿಗೆ ಆ ಪ್ರಶ್ನೆಯೇ ಹೆಚ್ಚು ಜಾಣತನದ್ದು. ಉಡುಪಿ ಹೋಟೆಲಿನ ಚರಿತ್ರೆಯನ್ನು ದೋಸೆ ಸಾಂಬಾರಿನ ಚರಿತ್ರೆಯಾಗಿ ಬರೆಯುವುದು ರೂಢಿಯಾಗಿದೆ. ಅದಕ್ಕಿಂತ ಮುಖ್ಯವಾಗಿ ಅದು ಓದು ಅರ್ಧಕ್ಕೆ ಬಿಟ್ಟ ಹುಡುಗರು ಮಾಲೀಕರಾದ ಒಂದು ವ್ಯವಸ್ಥೆಯ ಚರಿತ್ರೆ. ಅದು ಹೇಗೆ ಕೆಲಸ ಮಾಡಿತು, ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗಿಟ್ಟಿತು ಎಂಬುದು ತಿಂಡಿಯ ರುಚಿಗಿಂತ ಸ್ವಲ್ಪ ಕಹಿಯಾದ ಕತೆ.

ಮೊದಲು ಊರು ಬಿಟ್ಟದ್ದು ಯಾಕೆ ಎನ್ನುವುದನ್ನು ನೋಡೋಣ. ಕರಾವಳಿಯಲ್ಲಿ ಮಳೆ ಹೆಚ್ಚು, ಸಾಗುವಳಿ ಭೂಮಿ ಕಡಿಮೆ. ಇದ್ದ ಭೂಮಿಯೂ ಗೇಣಿ ಪದ್ಧತಿಯಲ್ಲಿ ಹಂಚಿಹೋಗಿತ್ತು. 1923ರ ಆಗಸ್ಟಿನಲ್ಲಿ ನೇತ್ರಾವತಿ ಮತ್ತು ಸುತ್ತಲ ನದಿಗಳು ಉಕ್ಕಿ ಬಂದ ನೆರೆ ದಕ್ಷಿಣ ಕನ್ನಡದ ನೆನಪಿನಲ್ಲಿ ದೀರ್ಘಕಾಲ ಉಳಿಯಿತು. ಮನೆ, ಗದ್ದೆ, ದನಕರು ಹೋದ ಮೇಲೆ ದೇವಸ್ಥಾನದ ಪೂಜೆಯ ದಕ್ಷಿಣೆಯಲ್ಲಿ, ಮಠದ ಊಟದಲ್ಲಿ ಬದುಕುತ್ತಿದ್ದ ಕುಟುಂಬಗಳಿಗೆ ಎಲ್ಲ ಗಂಡುಮಕ್ಕಳನ್ನು ಸಾಕುವುದು ಸಾಧ್ಯವಿರಲಿಲ್ಲ. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರೈಲು ಮಂಗಳೂರಿಗೆ 1907ರಲ್ಲೇ ಬಂದಿತ್ತು. ಆದ್ದರಿಂದ ಮದ್ರಾಸಿಗೆ ಹೋಗುವುದು ಸಹಜವಾಗಿತ್ತು. ಬೊಂಬಾಯಿಗೆ ಸಮುದ್ರದ ದಾರಿ, ಕರಾವಳಿ ಸ್ಟೀಮರು. ಇಲ್ಲವೇ ಘಟ್ಟ ಹತ್ತಿ ರೈಲು ಹಿಡಿಯಬೇಕು. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅಂದರೆ ಹೋಟೆಲಿಗಾಗಿ ಊರು ಬಿಟ್ಟವರಲ್ಲಿ ಹೆಚ್ಚಿನವರು ಹೋಗಿ, ದುಡಿದು, ಮುದುಕರಾಗಿ ವಾಪಸು ಬಂದ ಮೇಲೆಯೇ ಊರಿಗೆ ನೇರ ರೈಲು ಬಂತು.

ಮೊದಲ ತಲೆಮಾರಿನವರು ಅಡುಗೆ ಗೊತ್ತಿದ್ದವರು. ಉಡುಪಿಯ ಅಷ್ಟಮಠಗಳಲ್ಲಿ ಸಾವಿರ ಜನಕ್ಕೆ ಸೌಟು ಹಿಡಿದವರ ಮಕ್ಕಳು, ಇಲ್ಲವೇ ಆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿದವರು. ಕಡಂದಲೆಯ ಕೆ. ಕೃಷ್ಣರಾಯರು ಅಂಥವರು. ಬಡ ಪುರೋಹಿತರ ಮನೆಯಲ್ಲಿ ಹುಟ್ಟಿ, ಮಠದಲ್ಲಿ ದುಡಿದು, 1920ರ ದಶಕದಲ್ಲಿ ಮದ್ರಾಸಿಗೆ ಹೋಗಿ ಹೋಟೆಲಿನ ಅಡುಗೆಮನೆಯಲ್ಲಿ ತೊಳೆಯುವ, ರುಬ್ಬುವ ಕೆಲಸಕ್ಕೆ ಸೇರಿದರು. 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ಜಮೀನ್ದಾರರ ಬಂಗಲೆಯನ್ನು ಬಾಡಿಗೆಗೆ ಹಿಡಿದು ಅದೇ ಹೆಸರಿನಲ್ಲಿ ಊಟ ವಸತಿಯ ಹೋಟೆಲು ತೆರೆದರು. ಸಸ್ಯಾಹಾರಿ ಹೋಟೆಲಿಗೆ ಇಂಗ್ಲಿಷ್ ಕಾಡಿನ ಹೆಸರು ಬಂದದ್ದು ಹೀಗೆ. ಈಗ ಆ ಹೆಸರು ಎಷ್ಟು ಊರಿನ ಎಷ್ಟು ಬೋರ್ಡುಗಳ ಮೇಲಿದೆಯೋ ಲೆಕ್ಕವಿಲ್ಲ. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮದ್ರಾಸಿನ ಎರಡು ಮೂರು ತಲೆಮಾರುಗಳಿಗೆ ಹರಟೆಕಟ್ಟೆಯಾಗಿತ್ತು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಹೀಗೆ ಒಬ್ಬೊಬ್ಬರ ಸಾಹಸದ ಕತೆ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಮಾಟುಂಗಾ ಸ್ಟೇಷನ್ ಎದುರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು, ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಮದ್ರಾಸ್ ಹೆಲ್ತ್ ಹೋಮ್ ಎಂಬ ಹೆಸರಿನಲ್ಲಿದ್ದು ಆಮೇಲೆ ವೈಶಾಲಿಯಾದ ಹೋಟೆಲಿನ ಜಗನ್ನಾಥ ಶೆಟ್ಟರು, ಬೆಂಗಳೂರಿನಲ್ಲಿ 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದು ಆಮೇಲೆ ಎಂಟಿಆರ್ ಆದ ಮಯ್ಯ ಸಹೋದರರು. ಇವರೆಲ್ಲ ನಿಮಗೆ ಗೊತ್ತಿರುವ ಹೆಸರುಗಳು. ಗೆದ್ದವರ ಕತೆಯಿಂದ ದಾರಿ ಹೇಗಿತ್ತೆಂದು ಗೊತ್ತಾಗುವುದಿಲ್ಲ. ದಾರಿ ತಿಳಿಯಬೇಕಾದರೆ ಹೋಟೆಲಿನ ಒಳಗೆ, ಹಿಂದಿನ ಬಾಗಿಲಿನಿಂದ ಹೋಗಬೇಕು.

ಹಿಂದಿನ ಬಾಗಿಲಲ್ಲಿ ಮೊದಲು ಕಾಣುವುದು ನೀರಿನ ತೊಟ್ಟಿ. ಊರಿನಿಂದ ಬಂದ ಹುಡುಗ ಮೊದಲು ನಿಲ್ಲುತ್ತಿದ್ದುದು ಅಲ್ಲಿಯೇ. ಲೋಟ, ತಟ್ಟೆ ತೊಳೆಯುವುದು. ಕೆಲವು ತಿಂಗಳಲ್ಲಿ ಕೈಗೆ ಬಟ್ಟೆ ಬರುತ್ತಿತ್ತು, ಟೇಬಲ್ ಒರೆಸುವವನಾಗುತ್ತಿದ್ದ. ಮುಂಬಯಿ ಕನ್ನಡದಲ್ಲಿ ಆ ಬಟ್ಟೆಗೆ ಮರಾಠಿಯಿಂದ ಬಂದ 'ಫಡ್ಕ' ಎಂಬ ಹೆಸರು. ಆಮೇಲೆ ನೀರು ಕೊಡುವವನು. ಆಮೇಲೆ ಸಪ್ಲಾಯರ್, ಅಂದರೆ ಮಾಣಿ: ಒಂದು ಕೈಯಲ್ಲಿ ಆರು ತಟ್ಟೆ, ಬಾಯಲ್ಲಿ ಇಡೀ ಮೆನು, ತಲೆಯಲ್ಲಿ ಐದು ಟೇಬಲಿನ ಲೆಕ್ಕ. ಇಲ್ಲಿ ದಾರಿ ಎರಡಾಗುತ್ತಿತ್ತು. ಕೈ ಚುರುಕಿದ್ದವನು ಒಳಗೆ ಹೋಗಿ ಕಾಫಿ ಕೌಂಟರ್, ದೋಸೆ ಕಲ್ಲು, ಕೊನೆಗೆ ಮುಖ್ಯ ಭಟ್ಟರ ಸ್ಥಾನದವರೆಗೆ ಏರುತ್ತಿದ್ದ. ಲೆಕ್ಕ ಚುರುಕಿದ್ದವನು ಹೊರಗೆ ಬಿಲ್ಲು ಬರೆದು, ಬೆಳಗಿನ ಜಾವ ಮಾರ್ಕೆಟಿಗೆ ಹೋಗಿ ತರಕಾರಿ ತಂದು, ಒಂದು ದಿನ ಗಲ್ಲೆಯಲ್ಲಿ ಕೂರುತ್ತಿದ್ದ. ಗಲ್ಲೆಯಲ್ಲಿ ಕೂರಿಸುವುದೆಂದರೆ ಯಜಮಾನ ಅವನನ್ನು ನಂಬಿದ ಎಂದರ್ಥ. ಈ ಧಂದೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ.

ಈ ಏರಿಕೆಯಲ್ಲಿ ಮುಖ್ಯವಾದದ್ದು ಪ್ರತಿ ಕೆಲಸವೂ ಮುಂದಿನ ಕೆಲಸದ ಕಣ್ಣೆದುರೇ ಇತ್ತೆನ್ನುವುದು. ಟೇಬಲ್ ಒರೆಸುವವನಿಗೆ ಗಲ್ಲೆ ಕಾಣುತ್ತಿತ್ತು. ಗಿರಣಿಯಲ್ಲಿ ನೂಲು ಜೋಡಿಸುವವನಿಗೆ ಮ್ಯಾನೇಜರರ ಕೋಣೆ ಕಾಣುತ್ತಿರಲಿಲ್ಲ, ಕಂಡರೂ ಅಲ್ಲಿಗೆ ಹೋಗುವ ಮೆಟ್ಟಿಲು ಇರಲಿಲ್ಲ. ಹೋಟೆಲಿನಲ್ಲಿ ಯಜಮಾನನೂ ಒಂದು ಕಾಲಕ್ಕೆ ಅದೇ ತೊಟ್ಟಿಯ ಹತ್ತಿರ ನಿಂತಿದ್ದವನು. ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಎನ್ನುವುದು ಬೇರೆ ಮಾತು.

ಸಂಬಳ ಎಷ್ಟು ಎಂದು ಕೇಳಿದರೆ ಬೆರಳೆಣಿಕೆಯ ರೂಪಾಯಿ. ಆದರೆ ಊಟ ಹೋಟೆಲಿನದು, ನಿದ್ದೆಯೂ ಹೋಟೆಲಿನಲ್ಲೇ. ರಾತ್ರಿ ಶಟರು ಎಳೆದ ಮೇಲೆ ಟೇಬಲುಗಳನ್ನು ಜೋಡಿಸಿದರೆ ಹಾಸಿಗೆ. ಬೊಂಬಾಯಿಯಂಥ ಊರಿನಲ್ಲಿ ತಲೆಯ ಮೇಲೆ ಸೂರು, ಹೊಟ್ಟೆಗೆ ಅನ್ನ ಎರಡೂ ಖರ್ಚಿಲ್ಲದೆ ಸಿಕ್ಕಿದರೆ ಬೆರಳೆಣಿಕೆಯ ರೂಪಾಯಿಯೂ ಉಳಿತಾಯವೇ. ಹೊಸದಾಗಿ ಬಂದ ಹಳ್ಳಿಯ ಹುಡುಗನಿಗೆ ಈ ಸೂರು ಸಂಬಳಕ್ಕಿಂತ ದೊಡ್ಡದಾಗಿತ್ತು. ಇದೇ ಸೂರು ಅವನ ಬೇಡಿಯೂ ಆಗಿತ್ತು: ಕೆಲಸ ಬಿಟ್ಟರೆ ಮಲಗುವ ಜಾಗವೂ ಹೋಗುತ್ತಿತ್ತು. ಬೆಳಗಿನ ಐದಕ್ಕೆ ಏಳಬೇಕಾದವನು ಅಲ್ಲೇ ಮಲಗಿದ್ದಾನೆಂದರೆ ಯಜಮಾನನಿಗೂ ಅನುಕೂಲ. ದಯೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋಗಬಾರದು.

ಇನ್ನು ರಾತ್ರಿಶಾಲೆ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಇನ್ನೊಂದು ಸಂಸ್ಥೆ ಇಲ್ಲವೆಂದೇ ನಾನು ಹೇಳುತ್ತೇನೆ. ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕೋಟೆ ಪ್ರದೇಶದಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆ ತೆರೆಯಿತು. ಮೀನುಗಾರ ಸಮುದಾಯದ ಸಂಘ, ಕಡಲ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಬಂದ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟದ್ದು. ಆಮೇಲೆ ಬಿಲ್ಲವರ ಸಂಘ, ಬಂಟರ ಸಂಘ, ಇತರ ಕನ್ನಡ ಸಂಸ್ಥೆಗಳು ತಮ್ಮ ತಮ್ಮ ರಾತ್ರಿಶಾಲೆಗಳನ್ನು ನಡೆಸಿದವು. ಕನ್ನಡ ಮಾಧ್ಯಮ, ಸಂಜೆ ಆರೂವರೆಯ ಮೇಲೆ ಪಾಠ. ಹಗಲೆಲ್ಲ ತಟ್ಟೆ ಹಿಡಿದ ಹುಡುಗ ಸಂಜೆ ಕೈ ತೊಳೆದು, ಅಂಗಿ ಬದಲಿಸಿ, ಬೆಂಚಿನ ಮೇಲೆ ಕೂತು ಬೀಜಗಣಿತ ಮಾಡುತ್ತಿದ್ದ. ನಿದ್ದೆ ಬಂದರೆ ಮೇಷ್ಟರು ಎಬ್ಬಿಸುತ್ತಿರಲಿಲ್ಲವಂತೆ. ಅವರೂ ಹಗಲು ಬೇರೆ ಎಲ್ಲಿಯೋ ದುಡಿದು ಬಂದವರೇ.

ಇದೆಲ್ಲ ನಡೆಯಲು ಒಂದು ಷರತ್ತಿತ್ತು. ಯಜಮಾನ ಹುಡುಗನನ್ನು ಸಂಜೆ ಆರಕ್ಕೆ ಬಿಡಬೇಕು. ಹೋಟೆಲಿಗೆ ಗಿರಾಕಿ ನುಗ್ಗುವುದೂ ಅದೇ ಹೊತ್ತಿಗೆ. ಆ ಹೊತ್ತಿನಲ್ಲಿ ಒಬ್ಬ ಕೈಯಾಳನ್ನು ಕಳಿಸುವುದೆಂದರೆ ಯಜಮಾನನ ಜೇಬಿನಿಂದ ಹಣ ತೆಗೆದಂತೆಯೇ. ಎಲ್ಲರೂ ಬಿಡಲಿಲ್ಲ. ಬಿಟ್ಟವರು ಯಾಕೆ ಬಿಟ್ಟರು? ಕೆಲವರು ತಮಗೆ ಸಿಗದ ಓದು ಇವನಿಗಾದರೂ ಸಿಗಲಿ ಎಂದು. ಹೆಚ್ಚಿನವರು ಊರಿನ ಕಾರಣಕ್ಕೆ. ಹುಡುಗನ ಅಪ್ಪ ಯಜಮಾನನ ಊರಿನವ, ಜಾತಿಯವ, ಹಲವು ಸಲ ನೆಂಟ. ಮುಂದಿನ ಜಾತ್ರೆಯಲ್ಲಿ ಅವನ ಮುಖ ನೋಡಬೇಕು. ಸಂಘದ ಸಭೆಯಲ್ಲಿ ರಾತ್ರಿಶಾಲೆಗೆ ದೇಣಿಗೆ ಕೊಟ್ಟು, ತನ್ನ ಹೋಟೆಲಿನ ಹುಡುಗರನ್ನು ಮಾತ್ರ ಕಳಿಸದಿದ್ದರೆ ನಗೆಪಾಟಲು. ಹೀಗೆ ಮರ್ಯಾದೆಯ ಒತ್ತಡ ಕಾನೂನಿನ ಕೆಲಸ ಮಾಡಿತು. ಆ ಶಾಲೆಗಳಿಂದ ಮೆಟ್ರಿಕ್ ಪಾಸಾಗಿ ಬ್ಯಾಂಕು, ವಿಮಾ ಕಂಪನಿ, ವಕೀಲಿ ವೃತ್ತಿ ಸೇರಿದವರು ಮುಂಬಯಿಯ ಕನ್ನಡ ಸಂಘಗಳ ಹಳೆಯ ಸದಸ್ಯರಲ್ಲಿ ಬಹಳ ಮಂದಿ. ಅಂದರೆ ಹೋಟೆಲಿನ ದಾರಿಯಲ್ಲಿ ಹೋಟೆಲಿನಿಂದ ಹೊರಗೆ ಹೋಗುವ ಬಾಗಿಲೂ ಇತ್ತು. ಒಂದು ವೃತ್ತಿ ಯುವಕರಿಗೆ ಒಳ್ಳೆಯದೇ ಎಂದು ಅಳೆಯಲು ಅದನ್ನೂ ನೋಡಬೇಕು.

ಹಣದ ಮಾತಿಗೆ ಬರೋಣ. ಗಲ್ಲೆಯಲ್ಲಿ ಕೂತವನು ಮಾಲೀಕನಾಗುವುದು ಹೇಗೆ? ಜಾಗವಿಲ್ಲ, ಬಂಡವಾಳವಿಲ್ಲ. ಕರಾವಳಿಯವರ ಅದೃಷ್ಟವೋ ಜಾಣತನವೋ, ಆ ಹೊತ್ತಿಗೆ ಅವರ ಜಿಲ್ಲೆ ಬ್ಯಾಂಕುಗಳ ತೊಟ್ಟಿಲಾಗಿತ್ತು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಆಮೇಲೆ ಸಿಂಡಿಕೇಟ್ ಆದ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಎಂಬುದನ್ನು ತಂದರು. ಏಜೆಂಟ್ ದಿನಾ ಅಂಗಡಿ ಬಾಗಿಲಿಗೇ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುವುದು. ದಿನದ ಗಲ್ಲೆ ಇರುವ ಧಂದೆಗೆ ಅದು ಹೇಳಿ ಮಾಡಿಸಿದಂತಿತ್ತು. ದಿನಾ ದುಡ್ಡು ಕಂಡು ದಿನಾ ಕಳೆಯುವವನಿಗೆ ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಸಾಲ ಕೇಳುವಾಗ ಆಧಾರವಾಗಿ ತೋರಿಸಲು ಆ ಪಾಸ್‌ಬುಕ್ಕೇ ಸಾಕಾಗುತ್ತಿತ್ತು.

ಮುಂಬಯಿಯಲ್ಲಿ ಇನ್ನೊಂದು ಏರ್ಪಾಡು ಬೆಳೆಯಿತು: ಕಂಡಕ್ಟಿಂಗ್. ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಲೈಸೆನ್ಸು, ಜಾಗದ ಬಾಡಿಗೆ ಹಕ್ಕು, ಬೋರ್ಡು ಎಲ್ಲ ಮೂಲ ಮಾಲೀಕನ ಹೆಸರಿನಲ್ಲೇ ಇರುತ್ತದೆ. ನಡೆಸುವವನು ಬೇರೆ. ಅವನು ಒಂದು ಡಿಪಾಸಿಟ್ ಇಟ್ಟು, ತಿಂಗಳಿಗೆ ಇಂತಿಷ್ಟು ಎಂದು ಕೊಟ್ಟು, ಉಳಿದ ಲಾಭ ನಷ್ಟ ತನ್ನದೆಂದು ಹೋಟೆಲ್ ನಡೆಸುತ್ತಾನೆ. 1947ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ ಬಾಡಿಗೆದಾರ ಜಾಗವನ್ನು ಇನ್ನೊಬ್ಬನಿಗೆ ಒಳಬಾಡಿಗೆ ಕೊಡುವುದಕ್ಕೆ ತಡೆ ಇತ್ತು. ಜಾಗ ಕೊಡುವುದಿಲ್ಲ, ಧಂದೆ ನಡೆಸಲು ಕೊಡುತ್ತೇನೆ ಎಂಬ ಈ ಕರಾರು ಅದರ ಪಕ್ಕದಲ್ಲೇ ಹಾದುಹೋಗುವ ದಾರಿಯಾಯಿತು. ಹದಿನೈದು ವರ್ಷ ದುಡಿದ ಕ್ಯಾಶಿಯರಿಗೆ ಯಜಮಾನ ಎರಡನೆಯ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಕೊಡುತ್ತಿದ್ದ, ಇಲ್ಲವೇ ನಾಲ್ಕಾಣೆ ಪಾರ್ಟ್ನರ್ ಮಾಡಿಕೊಳ್ಳುತ್ತಿದ್ದ. ಯಜಮಾನನಿಗೆ ನಂಬಿಕೆಯ ಮನುಷ್ಯ ಸಿಕ್ಕ, ಇವನಿಗೆ ಜಾಗ ಸಿಕ್ಕಿತು. ಇವನು ಊರಿನಿಂದ ತನ್ನ ತಮ್ಮನನ್ನೋ ಅಳಿಯನನ್ನೋ ಕರೆಸಿದ. ತೊಟ್ಟಿಯ ಹತ್ತಿರ ಮತ್ತೊಬ್ಬ ಹುಡುಗ ಬಂದು ನಿಂತ.

ಹೀಗೆ ಸೂರು, ಸಂಜೆಯ ಓದು, ನಂಬಿಕೆಯ ಬಂಡವಾಳ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಇವೆಲ್ಲವನ್ನೂ ಹಿಡಿದಿಟ್ಟ ದಾರ ಮಾತ್ರ ಊರು ಮತ್ತು ಜಾತಿ. ಅದನ್ನು ಮರೆಮಾಚಿ ಈ ಕತೆ ಹೇಳಬಾರದು.

ಮೊದಲ ಕಾಲದ ಹೋಟೆಲುಗಳ ಬೋರ್ಡಿನ ಮೇಲೆಯೇ ಜಾತಿ ಇತ್ತು. ಬ್ರಾಹ್ಮಣರ ಹೋಟೆಲ್ ಎಂದರೆ ಅಡುಗೆಯವರು ಬ್ರಾಹ್ಮಣರು ಎಂದು ಭರವಸೆ. ಬಹಳ ಕಡೆ ಕೂರುವ ಜಾಗವೂ ಬೇರೆ ಬೇರೆ. ಅಂದರೆ ಮೇಲೆ ಹೇಳಿದ ಏಣಿಯಲ್ಲಿ ದೋಸೆ ಕಲ್ಲಿನ ಕಡೆಗೆ ಹೋಗುವ ಕವಲು ಎಲ್ಲ ಹುಡುಗರಿಗೂ ತೆರೆದಿರಲಿಲ್ಲ. ತೊಳೆಯುವವನು ಯಾರಾದರೂ ಆಗಬಹುದು, ಬೇಯಿಸುವವನು ಅಲ್ಲ. ಕೆಲವರಿಗಂತೂ ಗಿರಾಕಿಯಾಗಿಯೂ ಪ್ರವೇಶವಿರಲಿಲ್ಲ. ಸಂವಿಧಾನ ಬರೆಯುವಾಗ 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಎಂದು ಹೆಸರಿಸಿಯೇ ಪ್ರವೇಶ ನಿರಾಕರಿಸಕೂಡದು ಎಂದು ಬರೆಯಬೇಕಾಯಿತು. ಒಂದು ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಹೆಸರು ಬರಬೇಕಾಯಿತೆಂದರೆ ಅಲ್ಲಿ ಏನು ನಡೆಯುತ್ತಿತ್ತೆಂದು ಊಹಿಸಬಹುದು. ಗಣರಾಜ್ಯವಾಗಿ ಏಳು ವರ್ಷವಾದ ಮೇಲೂ, 1957ರಲ್ಲಿ, ಮದ್ರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ಬ್ರಾಹ್ಮಣ ಎಂಬ ಪದ ತೆಗೆಸಲು ಪೆರಿಯಾರ್ ಅವರ ದ್ರಾವಿಡರ ಕಳಗಂ ದಿನಗಟ್ಟಲೆ ಚಳವಳಿ ನಡೆಸಿತು. ಬೆಂಗಳೂರಿನ ಮಯ್ಯರ ಕಾಫಿ ಕ್ಲಬ್ಬಿನ ಹೆಸರು 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಕಾರಣ ಬೇರೆ ಇರಬಹುದು, ಆದರೆ ಗಾಳಿ ಬದಲಾಗಿತ್ತು.

ಬಂಟರು ಹೋಟೆಲಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಸ್ವಲ್ಪ ತಡವಾಗಿ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಹೋದ ಮೇಲೆ ಭೂಮಾಲೀಕ ಕುಟುಂಬಗಳ ಮಕ್ಕಳು ಇನ್ನಷ್ಟು ಬಂದರು. ಮಹಾರಾಷ್ಟ್ರದಲ್ಲಿ ಪಾನನಿಷೇಧ ಸಡಿಲವಾಗಿ ಪರ್ಮಿಟ್ ರೂಮುಗಳು ಬಂದಾಗ ಸಸ್ಯಾಹಾರದ ಕಟ್ಟಿಲ್ಲದವರಿಗೆ ಹೊಸ ಬಾಗಿಲು ತೆರೆಯಿತು. ಅಲ್ಲಿಂದ ಡಾನ್ಸ್ ಬಾರುಗಳು, 2005ರ ನಿಷೇಧ, ಕೋರ್ಟು, ಅದು ಇನ್ನೊಂದು ದೊಡ್ಡ ಅಧ್ಯಾಯ, ಇಲ್ಲಿ ಬೇಡ.

ಹೆಂಗಸರು? ಈ ಇಡೀ ಏಣಿಯಲ್ಲಿ ಒಂದು ಮೆಟ್ಟಿಲಿನಲ್ಲೂ ಅವರಿಲ್ಲ. ಮನೆಯ ಅಡುಗೆ ಹೆಂಗಸಿನದು, ದುಡ್ಡು ಬರುವ ಅಡುಗೆ ಗಂಡಸಿನದು. ಗಂಡ ಬೊಂಬಾಯಿಯಲ್ಲಿ, ಹೆಂಡತಿ ಊರಿನಲ್ಲಿ ಅತ್ತೆ, ದನ, ಗದ್ದೆ ನೋಡಿಕೊಂಡು, ವರ್ಷಕ್ಕೊಮ್ಮೆ ಬರುವವನಿಗಾಗಿ ಕಾದು. ಹೋಟೆಲಿನ ಸೂರು ಉಚಿತವಾಗಿತ್ತಲ್ಲ, ಅದು ಒಬ್ಬನಿಗೆ ಮಾತ್ರ ಸಾಕಾಗುವಷ್ಟಿತ್ತು. ಆ ಉಚಿತದ ಬೆಲೆಯನ್ನು ಊರಿನಲ್ಲಿ ಕೂತು ತೆತ್ತವರು ಹೆಂಗಸರು.

ಮತ್ತು ಮಕ್ಕಳು. ಹತ್ತು ಹನ್ನೊಂದು ವರ್ಷಕ್ಕೆ ಊರು ಬಿಟ್ಟೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹಿರಿಯರ ಮಾತನ್ನು ನಾವೆಲ್ಲ ಕೇಳಿದ್ದೇವೆ. ಲೋಟ ಒಡೆದರೆ ಸಂಬಳದಲ್ಲಿ ಕಡಿತ, ತಪ್ಪಿದರೆ ಏಟು, ಹದಿನಾಲ್ಕು ಹದಿನೈದು ಗಂಟೆ ದುಡಿಮೆ. ಗೆದ್ದವರು ಇದನ್ನು ತಪಸ್ಸು ಎಂದು ನೆನೆಯುತ್ತಾರೆ. ಗೆಲ್ಲದವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ಈ ಹುಡುಗರ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಅದೇ ಕರಾವಳಿಯ ಜಾರ್ಜ್ ಫರ್ನಾಂಡಿಸ್ ಒಬ್ಬರು. ಸೆಮಿನರಿ ಬಿಟ್ಟು ಬಂದ ಹತ್ತೊಂಬತ್ತರ ಹುಡುಗ 1949ರಲ್ಲಿ ಮಂಗಳೂರಿನಲ್ಲಿ ಸಂಘಟಿಸಲು ಹೊರಟದ್ದು ಸಾರಿಗೆ ಮತ್ತು ಹೋಟೆಲ್ ಕಾರ್ಮಿಕರನ್ನು. ಆಮೇಲೆ ಬೊಂಬಾಯಿಗೆ ಹೋದದ್ದು, ಟ್ಯಾಕ್ಸಿ, ನಗರಪಾಲಿಕೆ, 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲ್ ಕೆಲಸಗಾರರಿಗೂ ದುಡಿಮೆಯ ಗಂಟೆಗೆ ಮಿತಿ, ವಾರದ ರಜೆ ಎಂದು ಬರೆದಿತ್ತು. ಮಕ್ಕಳ ವಿಷಯಕ್ಕೆ ಕಾನೂನು ಬರಲು ಇನ್ನೂ ಬಹಳ ಹೊತ್ತು ಹಿಡಿಯಿತು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಗೆ ಹೋಟೆಲು, ಢಾಬಾ, ರೆಸ್ಟೋರೆಂಟುಗಳು ಸೇರಿದ್ದು 2006ರ ಅಕ್ಟೋಬರ್ 10ರಂದು. ಅಂದಿನಿಂದ ಹದಿನಾಲ್ಕರ ಒಳಗಿನ ಹುಡುಗ ತೊಟ್ಟಿಯ ಹತ್ತಿರ ನಿಲ್ಲುವಂತಿಲ್ಲ. ಏಣಿಯ ಕೊನೆಯ ಮೆಟ್ಟಿಲನ್ನು ಕಾನೂನು ತೆಗೆಯಿತು, ತೆಗೆದದ್ದು ಸರಿ.

ಈ ಏಣಿಯ ಪಕ್ಕದಲ್ಲೇ, ಬಹಳ ದೂರವೂ ಅಲ್ಲ, ಇನ್ನೊಂದು ದಾರಿ ತಯಾರಾಗುತ್ತಿತ್ತು. ಮಾಟುಂಗಾದಿಂದ ಸ್ವಲ್ಪವೇ ದೂರದಲ್ಲಿ, ದಾದರಿನಲ್ಲಿ ಇಂದು ಕೇಟರಿಂಗ್ ಕಾಲೇಜ್ ಎಂದೇ ಜನ ಕರೆಯುವ ಸಂಸ್ಥೆ ಇದೆ. ಅದರ ಆರಂಭ 1954. ಕಟ್ಟಿದವರು ಹೋಟೆಲ್ ಮಾಲೀಕರಲ್ಲ, ಹೆಂಗಸರು. ಲೀಲಾವತಿ ಮುನ್ಶಿ ಅವರ ಮುಂದಾಳತನದ ಅಖಿಲ ಭಾರತ ಮಹಿಳಾ ಆಹಾರ ಮಂಡಳಿ ಅದನ್ನು ಶುರು ಮಾಡಿತು. ಆಹಾರದ ಅಭಾವದ ಕಾಲ ಅದು. ಬೊಂಬಾಯಿಯಲ್ಲಿ 1943ರಿಂದ ಪಡಿತರ ಬಂದಿತ್ತು. ಇದ್ದ ಧಾನ್ಯದಲ್ಲಿ ಹೆಚ್ಚು ಜನಕ್ಕೆ ಪೌಷ್ಟಿಕವಾಗಿ ಬಡಿಸುವುದನ್ನು ಒಂದು ವಿದ್ಯೆಯಾಗಿ ಕಲಿಸಬೇಕು ಎನ್ನುವುದು ಅವರ ಯೋಚನೆ. ಅಡುಗೆಯನ್ನು ಹುಟ್ಟಿನಿಂದ ಬರುವುದೆಂದು ತಿಳಿಯದೆ ತರಗತಿಯಲ್ಲಿ ಕಲಿಯಬಹುದು, ಹುಡುಗಿಯೂ ಕಲಿಯಬಹುದು ಎಂಬ ಮಾತು ಉಡುಪಿ ಹೋಟೆಲಿನ ಲೋಕಕ್ಕೆ ಹೊರಗಿನದಾಗಿತ್ತು. ಇಂಥ ಸಂಸ್ಥೆಗಳು ಆಮೇಲೆ ಬೇರೆ ರಾಜ್ಯಗಳಲ್ಲೂ ಬಂದವು. 1982ರಲ್ಲಿ ಇವುಗಳನ್ನು ನೋಡಿಕೊಳ್ಳಲು ರಾಷ್ಟ್ರೀಯ ಮಂಡಳಿಯಾಯಿತು. ಇಂದು ಅವುಗಳ ಮೂರು ವರ್ಷದ ಪದವಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ.

ಇಲ್ಲಿ ಒಂದು ಭಾಷೆಯ ತೊಡಕು. ಕನ್ನಡದಲ್ಲಿ ಹೋಟೆಲ್ ಎಂದರೆ ತಿನ್ನುವ ಜಾಗ. ಮಲಗುವ ಜಾಗ ಲಾಡ್ಜು. ಕಾಲೇಜಿನಲ್ಲಿ ಕಲಿಸುವ ಹೋಟೆಲ್ ಮ್ಯಾನೇಜ್‌ಮೆಂಟ್ ಇನ್ನೊಂದು ಅರ್ಥದ ಹೋಟೆಲಿನದು: ಫ್ರಂಟ್ ಆಫೀಸು, ಹೌಸ್‌ಕೀಪಿಂಗ್, ಬ್ಯಾಂಕ್ವೆಟ್, ಪಂಚತಾರೆ. ಹಾಗಾಗಿ ಉಡುಪಿ ಹೋಟೆಲಿನ ಮಾಲೀಕರ ಮಕ್ಕಳು ಅಲ್ಲಿ ಓದಿ ಬಂದರೆ ಅಪ್ಪನ ಹೋಟೆಲಿಗೆ ವಾಪಸು ಬರುವುದು ಕಡಿಮೆ, ಅಪ್ಪನ ಹೋಟೆಲಿನ ಹುಡುಗರು ಅಲ್ಲಿಗೆ ಹೋಗುವುದಂತೂ ಇಲ್ಲವೇ ಇಲ್ಲ. ಎರಡು ಲೋಕಗಳ ನಡುವೆ ಸೇತುವೆ ಕಟ್ಟಲು ನೋಡಿದವರು ಇಲ್ಲದಿಲ್ಲ. ಮಯ್ಯ ಸಹೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ರೆಸ್ಟೋರೆಂಟುಗಳನ್ನು ಕಂಡು ಬಂದು ಸ್ವಚ್ಛತೆಯ ನಿಯಮಗಳನ್ನೇ ಬದಲಿಸಿದರು, ಗಿರಾಕಿ ಅಡುಗೆಮನೆ ನೋಡಬಹುದು ಎಂದರು. ಕಾಲೇಜಿಲ್ಲದೆ ಕಾಲೇಜಿನ ಪಾಠ ಕಲಿತದ್ದು ಅದು.

1986ರಲ್ಲಿ ಮಣಿಪಾಲದಲ್ಲಿ ವೆಲ್‌ಕಮ್ ಗ್ರೂಪಿನ ಹೆಸರಿನ ಹೋಟೆಲ್ ಆಡಳಿತದ ಪದವಿ ಕಾಲೇಜು ಶುರುವಾಯಿತು. ಐಟಿಸಿಯ ಹೋಟೆಲ್ ವಿಭಾಗ ಮತ್ತು ಮಣಿಪಾಲದ ಪೈಗಳು ಸೇರಿ ಕಟ್ಟಿದ್ದು. ಪಿಗ್ಮಿ ತಂದ ಬ್ಯಾಂಕಿನ ಹಿಂದಿದ್ದ ಕುಟುಂಬವೇ ಇದು. ಉಡುಪಿಯ ರಥಬೀದಿಯಿಂದ ಅಲ್ಲಿಗೆ ನಾಲ್ಕೈದು ಕಿಲೋಮೀಟರು. ಅರವತ್ತು ವರ್ಷ ಈ ಊರಿನ ಹುಡುಗರು ಲೋಟ ತೊಳೆಯಲು ಬೊಂಬಾಯಿಗೆ ಹೋದರು. ಈಗ ಅಮೃತಸರದ ಹುಡುಗನೊಬ್ಬ ಅಡುಗೆ ಕಲಿಯಲು ಮಣಿಪಾಲಕ್ಕೆ ಬಂದ. ವಿಕಾಸ್ ಖನ್ನಾ ಎಂಬ ಅವರ ಹೆಸರು ಟಿವಿ ನೋಡುವ ಎಲ್ಲರಿಗೂ ಗೊತ್ತು. ಜಾತಿ ಕೇಳದೆ, ಊರು ಕೇಳದೆ, ಹುಡುಗ ಹುಡುಗಿ ಭೇದವಿಲ್ಲದೆ ಪರೀಕ್ಷೆಯ ಮೇಲೆ ಒಳಗೆ ಬಿಡುವ ಬಾಗಿಲು ಅದು. ಹಳೆಯ ಏಣಿಯ ಎದುರು ನಿಲ್ಲಿಸಿದರೆ ಇದು ದೊಡ್ಡ ಲಾಭ. ಬಾಗಿಲಲ್ಲಿ ಈಗ ಜಾತಿಯ ಬದಲು ಫೀಸು ನಿಂತಿದೆ, ಅಷ್ಟೇ.

ಒಳಗೆ ಹೋದ ಮೇಲೆ ಏನಾಗುತ್ತದೆ? ಪದವಿ ಮುಗಿಸಿದವರನ್ನು ಕೇಳಿ ನೋಡಿ. ಮೊದಲ ವರ್ಷಗಳ ಸಂಬಳ ಕಡಿಮೆ, ಪಾಳಿ ಉದ್ದ, ಹಬ್ಬಕ್ಕೆ ರಜೆಯಿಲ್ಲ. ನಾಲ್ಕಾರು ವರ್ಷ ತಡೆದುಕೊಂಡವರು ಮೇಲೆ ಹೋಗುತ್ತಾರೆ, ಹಡಗು, ಕೊಲ್ಲಿ ದೇಶ, ವಿಮಾನ ಕಂಪನಿ ಸೇರುತ್ತಾರೆ. ತಡೆಯದವರು ಬ್ಯಾಂಕಿಗೋ ಕಾಲ್ ಸೆಂಟರಿಗೋ ಹೋಗುತ್ತಾರೆ, ಅಲ್ಲಿ ಇವರ ನಡವಳಿಕೆಗೆ ಬೆಲೆಯಿದೆ. ಅದನ್ನು ಸೋಲು ಎನ್ನಲಾರೆ, ರಾತ್ರಿಶಾಲೆಯ ಹುಡುಗ ವಕೀಲನಾದದ್ದನ್ನು ಸೋಲು ಎನ್ನದಿದ್ದ ಮೇಲೆ. ಆದರೆ ಪಂಚತಾರೆಯಲ್ಲಿ ಟ್ರೇನಿಗೆ ಜನರಲ್ ಮ್ಯಾನೇಜರ್ ಆಗುವ ದಾರಿ ಕಾಣುತ್ತದೆ, ಮಾಲೀಕನಾಗುವ ದಾರಿ ಕಾಣುವುದಿಲ್ಲ. ಮಗಳನ್ನು ಸೇರಿಸುವ ಮುನ್ನ ಕಾಲೇಜಿನವರನ್ನು ಕೇಳಬೇಕಾದದ್ದು ಮೊದಲ ಕೆಲಸ ಎಲ್ಲಿ ಎಂದಲ್ಲ. ಹತ್ತು ವರ್ಷದ ಹಿಂದೆ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು.

ಇನ್ನು ತೊಟ್ಟಿಯ ಹತ್ತಿರ ಈಗ ಯಾರು ನಿಂತಿದ್ದಾರೆ? ಮಾಟುಂಗಾದಲ್ಲೋ ಡೆಕ್ಕನ್ ಜಿಮ್‌ಖಾನಾದಲ್ಲೋ ನಿಮ್ಮ ಮೆಚ್ಚಿನ ಹೋಟೆಲಿನಲ್ಲಿ ಸುಮ್ಮನೆ ಕೇಳಿ: ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶ, ಅಸ್ಸಾಂ, ನೇಪಾಳ. ಗರಿಗರಿ ಉಡುಪಿ ದೋಸೆ ಹುಯ್ಯುವ ಕೈ ಉಡುಪಿಯದಲ್ಲದೆ ಬಹಳ ವರ್ಷವಾಯಿತು. ಕರಾವಳಿಯ ಮಕ್ಕ­ಳು ಓದಿ ಬೇರೆ ಕೆಲಸ ಹಿಡಿದರು, ಒಳ್ಳೆಯದೇ ಆಯಿತು. ಹೊಸ ಹುಡುಗರೂ ಹಳಬರಂತೆಯೇ ತೊಳೆಯುತ್ತಾರೆ, ಒರೆಸುತ್ತಾರೆ, ಕೈ ಚುರುಕಿದ್ದರೆ ದೋಸೆ ಕಲ್ಲಿಗೂ ಬರುತ್ತಾರೆ. ಜಾತಿಯ ಆ ಕಟ್ಟು ಈಗ ಹೆಚ್ಚಿನ ಕಡೆ ಇಲ್ಲ. ಆದರೆ ಗಲ್ಲೆಗೆ ಬರುವುದಿಲ್ಲ. ಯಜಮಾನನ ಊರಿನವರಲ್ಲ, ಅವರ ಅಪ್ಪ ಜಾತ್ರೆಯಲ್ಲಿ ಸಿಗುವುದಿಲ್ಲ. ಅವರನ್ನು ಸಂಜೆ ಆರಕ್ಕೆ ಬಿಡು ಎನ್ನುವ ಸಂಘ ಮುಂಬಯಿಯಲ್ಲಿ ಅವರಿಗಿಲ್ಲ. ಬಿಟ್ಟರೂ, ಕನ್ನಡ ರಾತ್ರಿಶಾಲೆ ಅವರ ಭಾಷೆಯದಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಹೋಟೆಲುಗಳು ಮುಚ್ಚಿದಾಗ, ಕೆಲಸ ಹೋದರೆ ಸೂರೂ ಹೋಗುವುದೆಂದರೆ ಏನೆಂದು ಈ ಹುಡುಗರು ಹೊಸದಾಗಿ ಕಲಿತರು. ಉಳಿಸಿಕೊಂಡು ಊಟ ಹಾಕಿದ ಮಾಲೀಕರೂ ಇದ್ದರು, ಹೇಳಲೇಬೇಕು.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದಲ್ಲ. ಪ್ರವಾಸೋದ್ಯಮ ಸಚಿವಾಲಯ 2009ರಲ್ಲಿ ಹುನರ್ ಸೆ ರೋಜ್‌ಗಾರ್ ತಕ್ ಎಂಬ ಯೋಜನೆ ತಂದಿತು. ಹೆಚ್ಚು ಓದದ ಹುಡುಗ ಹುಡುಗಿಯರಿಗೆ ಅಡುಗೆ, ಬಡಿಸುವುದು, ಹೌಸ್‌ಕೀಪಿಂಗ್ ಇವುಗಳಲ್ಲಿ ಕೆಲವು ವಾರಗಳ ಉಚಿತ ತರಬೇತಿ. ಇದಕ್ಕಿಂತ ಕುತೂಹಲದ್ದು ಹಳೆಯ ಕಾನೂನೊಂದು: 1961ರ ಅಪ್ರೆಂಟಿಸ್ ಕಾಯ್ದೆ. ಅದರಲ್ಲಿ ಅಡುಗೆಯವ, ಬೇಕರಿಯವ, ಸ್ಟುವರ್ಡ್ ಎಲ್ಲ ಕಸುಬುಗಳೇ. ಕೆಲಸ ಮಾಡುತ್ತಲೇ ಕಲಿ, ಕಲಿಯುವಾಗ ಸ್ಟೈಪೆಂಡ್ ತೆಗೆದುಕೋ, ಕೊನೆಗೆ ದೇಶದಲ್ಲೆಲ್ಲ ನಡೆಯುವ ಸರ್ಟಿಫಿಕೇಟು. ತೊಟ್ಟಿಯಿಂದ ಗಲ್ಲೆಯವರೆಗಿನ ದಾರಿಯ ಮೊದಲರ್ಧವನ್ನು, ಏಟು ಮತ್ತು ಜಾತಿ ತೆಗೆದುಹಾಕಿ ಕಾಗದಕ್ಕಿಳಿಸಿದಂತಿದೆ. 2016ರಲ್ಲಿ ಬಂದ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಕೊಡುವ ಏರ್ಪಾಡಾಯಿತು. 30 ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವಲ್ಲಿ ಮಾಲೀಕನ ಇಚ್ಛೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಹೆಚ್ಚಿನವು ಈ ಇಚ್ಛೆಯ ಸಾಲಿಗೇ ಬರುತ್ತವೆ. ಸಣ್ಣ ಹೋಟೆಲಿನ ಮಾಲೀಕನಿಗೆ ಪೋರ್ಟಲ್ಲು, ಕರಾರು, ಪರೀಕ್ಷೆ ಎಂದರೆ ತಲೆನೋವು, ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ಮುಂಬಯಿ, ಪುಣೆಯ ಸಂಘಗಳ ಕಚೇರಿಗಳಲ್ಲಿ ಆ ಕಾಗದಪತ್ರ ಮಾಡಬಲ್ಲ ಜನ ಇದ್ದಾರೆ. ಅವರಲ್ಲಿ ಕೆಲವರ ಅಪ್ಪಂದಿರು ರಾತ್ರಿಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು. ಶಾಲೆ ನಡೆಯುತ್ತಿದ್ದ ಕೋಣೆಗಳು ಹಲವು ಕಡೆ ಸಂಜೆ ಖಾಲಿಯೇ ಇವೆ. ಅಲ್ಲಿ ಹಿಂದಿಯಲ್ಲೋ ಒಡಿಯಾದಲ್ಲೋ ಪಾಠ ನಡೆದರೆ ಕಟ್ಟಿದವರು ಬೇಡವೆನ್ನುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.